ನಿಮ್ಮ ಇಪ್ಪತ್ತೂವರೆ ಕಿಲೋಮೀಟರಿನಿಂದ ಕಳ್ಳನಾದವನು

ಹೊಸ ಕಾರು ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ದೂರ ಓಡುತ್ತದೆಂದು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯ ಮಾನ್ಯ ಮುಖ್ಯಸ್ಥರೇ,

ನಾನು ಪೆಟ್ರೋಲ್ ಕದ್ದಿಲ್ಲ.

ಪತ್ರವನ್ನು ಹೀಗೆ ಶುರು ಮಾಡುವುದು ಸಭ್ಯತೆಯಲ್ಲ ಎಂದು ನನಗೂ ಗೊತ್ತು. ತಮ್ಮಂಥ ದೊಡ್ಡ ಹುದ್ದೆಯವರಿಗೆ ಬರೆಯುವಾಗ ಮೊದಲು ಅವರ ಅಮೂಲ್ಯ ಸಮಯ ಹಾಳು ಮಾಡುತ್ತಿರುವುದಕ್ಕೆ ವಿಷಾದಿಸಬೇಕು, ಆಮೇಲೆ ನಿಧಾನಕ್ಕೆ ವಿಷಯಕ್ಕೆ ಬರಬೇಕು. ಆದರೆ ಕಳೆದ ನವರಾತ್ರಿಯಿಂದ ಈಚೆಗೆ ಯಾರ ಎದುರು ನಿಂತರೂ ನನ್ನ ಬಾಯಿಗೆ ಮೊದಲು ಬರುವ ಮಾತು ಇದೊಂದೇ. ಹಾಲಿನವನ ಎದುರು, ಪೆಟ್ರೋಲ್ ಪಂಪಿನವನ ಎದುರು, ಹಲ್ಲುಜ್ಜುವಾಗ ಕನ್ನಡಿಯ ಎದುರು ಕೂಡ. ನನ್ನನ್ನು ಯಾವ ಪೊಲೀಸನೂ ಹಿಡಿದಿಲ್ಲ, ಯಾವ ಕೋರ್ಟೂ ತೀರ್ಪು ಕೊಟ್ಟಿಲ್ಲ. ನನ್ನನ್ನು ಹಿಡಿದುಕೊಟ್ಟದ್ದು ತಾವು. ತಮ್ಮ ಕಚೇರಿ ಒಪ್ಪಿದ ಮೇಲೆ ಕಾರಿನ ಕಾಗದದಲ್ಲಿ ಅಚ್ಚಾದ 'ಲೀಟರಿಗೆ ಇಪ್ಪತ್ತೂವರೆ ಕಿಲೋಮೀಟರ್' ಎಂಬ ಒಂದೇ ಒಂದು ಸಾಲಿನಿಂದ ಹಿಡಿದುಕೊಟ್ಟಿರಿ. ತಮಗೆ ಇದು ಗೊತ್ತೇ ಇರಲಿಕ್ಕಿಲ್ಲ. ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ನನ್ನ ಹೆಸರು ಧನರಾಜ್. ಹುಟ್ಟಿದ್ದು ಕಾರ್ಕಳದ ಹತ್ತಿರ, ಬೆಳೆದದ್ದು ಮುಂಬಯಿಯ ಘಾಟ್ಕೋಪರಿನ ಚಾಳಿನಲ್ಲಿ. ಸೋದರಮಾವ ಮೋನಪ್ಪನವರಿಗೆ ಸಾಂತಾಕ್ರೂಜ್ ಸ್ಟೇಷನ್ನಿನ ಬಳಿ ಒಂದು ಉಡುಪಿ ಹೋಟೆಲು ಇದೆ. ಅಲ್ಲಿ ಟೇಬಲ್ ಒರೆಸುವುದರಿಂದ ಹಿಡಿದು ಅಡುಗೆಮನೆ ನೋಡಿಕೊಳ್ಳುವವರೆಗೆ ನಾನು ಮಾಡದ ಕೆಲಸವಿಲ್ಲ. ನಡುವೆ ರಾತ್ರಿ ಕಾಲೇಜಿಗೆ ಹೋಗಿ ಬಿ.ಕಾಂ. ಕೂಡ ಮುಗಿಸಿದೆ. ನಮ್ಮ ಕಡೆ ಹಿಂದೆ ಅಳಿಯಕಟ್ಟು ಇತ್ತು, ಮಾವನ ಆಸ್ತಿಗೆ ಅಳಿಯನೇ ವಾರಸುದಾರ. ಆ ಕಾಯಿದೆ ಹೋಗಿ ಎಷ್ಟೋ ಕಾಲವಾಯಿತು. ಆದರೆ ಕಾಯಿದೆ ಹೋದ ಮೇಲೂ ಸಲಿಗೆ ಉಳಿದಿದೆ, ಮಾವ ಎಂದರೆ ಅಪ್ಪನಿಗಿಂತ ಒಂದು ಕೈ ಹೆಚ್ಚು. ನನ್ನ ಅಪ್ಪ ತೀರಿಕೊಂಡಾಗ ನನ್ನ ಕೈ ಹಿಡಿದು ಈ ಊರಿಗೆ ಕರೆತಂದದ್ದು ಅವರೇ.

ಹೋಟೆಲಿನಲ್ಲಿ ನಂಬಿಕೆಗೆ ಒಂದು ಜಾಗ ಇರುತ್ತದೆ, ಅದಕ್ಕೆ ಗಲ್ಲಾ ಎನ್ನುತ್ತೇವೆ. ಬಾಗಿಲ ಬಳಿ, ಊದುಬತ್ತಿ ಮತ್ತು ಸೋಂಪಿನ ತಟ್ಟೆಯ ಹಿಂದೆ, ಹಣ ತೆಗೆದುಕೊಳ್ಳುವ ಮೇಜು. ಅಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ಯಾರು ಮನೆಯವರು, ಯಾರು ಕೆಲಸದವರು ಎಂದು ಗಿರಾಕಿಗೂ ತಿಳಿಯುತ್ತದೆ. ನಮ್ಮ ಹೋಟೆಲಿನ ಕ್ರಮ ಏನೆಂದರೆ, ದೀಪಾವಳಿಯ ಲಕ್ಷ್ಮೀಪೂಜೆಯಂದು ಗಲ್ಲಾದ ಕೀಲಿಕೈಯನ್ನು ದೇವರ ಮುಂದಿಟ್ಟು, ಆರತಿ ಆದ ಮೇಲೆ ಮುಂದೆ ಅಲ್ಲಿ ಕೂರುವವನ ಕೈಗೆ ಎಲ್ಲರ ಎದುರು ಕೊಡುವುದು. ಇಷ್ಟು ವರ್ಷ ಮಾವ ಅದನ್ನು ದೇವರ ಮುಂದಿಟ್ಟು ತಾವೇ ತೆಗೆದುಕೊಳ್ಳುತ್ತಿದ್ದರು. ಕಳೆದ ಯುಗಾದಿಗೆ, ಮುಂಬಯಿಯವರ ಗುಡಿ ಪಾಡ್ವಾ ದಿನ, ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಈ ದೀಪಾವಳಿಗೆ ನೀನು ಕೂತ್ಕೊ ಧನು. ನನ್ನ ಮೊಣಕಾಲು ಇನ್ನು ಹೇಳಿದ್ದು ಕೇಳುದಿಲ್ಲ."

ಅದೇ ಪಾಡ್ವಾ ದಿನ, ಮಾನ್ಯರೇ, ತಾವು ನಮ್ಮ ಮನೆಗೆ ಬಂದಿರಿ. ಹೊಸ ಕಾರಿನ ರೂಪದಲ್ಲಿ.

ಹೋಟೆಲಿಗೂ ಕಾರಿಗೂ ಏನು ಸಂಬಂಧ ಎಂದು ಕೇಳಬಹುದು. ಸಾಂತಾಕ್ರೂಜಿನ ಹೋಟೆಲಿನಲ್ಲಿ ಗ್ರೈಂಡರ್ ಇಡಲು ಜಾಗವಿಲ್ಲ. ಅಕ್ಕಿ ಉದ್ದು ಅರೆಯುವುದೆಲ್ಲ ಘಾಟ್ಕೋಪರಿನ ನಮ್ಮ ಗಾಳೆಯಲ್ಲಿ, ಅಂದರೆ ಬಾಡಿಗೆಗೆ ಹಿಡಿದ ಶೆಡ್ಡಿನಲ್ಲಿ. ಅಲ್ಲಿಂದ ಮುಂಜಾನೆ ಒಂದು ಸಲ, ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಇನ್ನೊಂದು ಸಲ, ಸ್ಟೀಲ್ ಡಬ್ಬಗಳಲ್ಲಿ ಇಡ್ಲಿ ದೋಸೆಯ ಹಿಟ್ಟು ಸಾಂತಾಕ್ರೂಜ್ ಸೇರಬೇಕು. ಹಳೆಯ ವ್ಯಾನು ದಾರಿಯಲ್ಲೇ ಕೈಕೊಡಲು ಶುರುಮಾಡಿದಾಗ ಏಳು ಸೀಟಿನ ಹೊಸ ಪೆಟ್ರೋಲ್ ಕಾರು ಕೊಳ್ಳುವುದೆಂದಾಯಿತು. ಹಿಂದಿನ ಸೀಟು ಮಡಚಿದರೆ ಡಬ್ಬಗಳು, ಬಿಚ್ಚಿದರೆ ಮನೆಮಂದಿ. ಶೋರೂಮಿನಲ್ಲಿ ಮಾವ ಬಣ್ಣ ಕೇಳಲಿಲ್ಲ, ಟಿ.ವಿ. ಪರದೆ ಕೇಳಲಿಲ್ಲ. ಕೇಳಿದ್ದು ಒಂದೇ, "ಅವರೇಜ್ ಎಷ್ಟು?" ಸೇಲ್ಸಿನ ಹುಡುಗಿ ಕಾಗದ ತಿರುಗಿಸಿ ತೋರಿಸಿದಳು: "ಬೀಸ್ ಪಾಯಿಂಟ್ ಪಾಂಚ್, ಕಾಕಾ. ಹಮಾರಾ ನಹೀ, ಟೆಸ್ಟಿಂಗ್ ವಾಲೋಂ ಕಾ ಫಿಗರ್ ಹೈ." ಸಂಖ್ಯೆ ಕಂಪೆನಿಯದಲ್ಲ, ಪರೀಕ್ಷಿಸಿದವರದು ಎಂದಳಲ್ಲ, ಮಾವ ಆ ಕಾಗದವನ್ನು ಎರಡೂ ಕೈಯಿಂದ ತೆಗೆದುಕೊಂಡರು. ಕಂಪೆನಿಯವನು ಹೇಳಿದ್ದರೆ ಅರ್ಧ ಕಳೆದು ಕೇಳಿಸಿಕೊಳ್ಳುವ ಮನುಷ್ಯ ಅವರು. ತಮ್ಮ ಮುದ್ರೆ ಇದೆ ಎಂದಾಗ ಕಳೆಯುವುದನ್ನು ಮರೆತರು.

ಇನ್ನು ಹೋಟೆಲಿನವರ ತಲೆ ಹೇಗೆ ಓಡುತ್ತದೆಂದು ತಮಗೆ ಹೇಳಬೇಕು, ಇಲ್ಲದಿದ್ದರೆ ನನ್ನ ಸಂಕಟ ಅರ್ಥವಾಗುವುದಿಲ್ಲ. ನಮ್ಮಲ್ಲಿ ಎಲ್ಲಕ್ಕೂ ಒಂದು ಹುಟ್ಟುವಳಿ ಇದೆ. ಇಷ್ಟು ಅಕ್ಕಿ ನೆನೆಹಾಕಿದರೆ ಇಷ್ಟು ಇಡ್ಲಿ ಏಳಬೇಕು. ಇಷ್ಟು ಹಾಲಿಗೆ ಇಷ್ಟು ಲೋಟ ಕಾಫಿ ಹೊರಗೆ ಹೋಗಬೇಕು. ಹೋಗದಿದ್ದರೆ ಹಾಲು ಆವಿಯಾಯಿತೆಂದು ಯಾರೂ ನಂಬುವುದಿಲ್ಲ, ಯಾರದೋ ಹೊಟ್ಟೆಗೆ ಅಥವಾ ಯಾರದೋ ಮನೆಗೆ ಹೋಗಿದೆ ಎಂದೇ ಅರ್ಥ. ಮಾವ ಹೀಗೆ ಲೆಕ್ಕ ಹಿಡಿದೇ ಹೋಟೆಲು ಕಟ್ಟಿದವರು, ಹೀಗೇ ಎಷ್ಟೋ ಕಳ್ಳರನ್ನು ಹಿಡಿದವರು, ಒಮ್ಮೆಯೂ ತಪ್ಪಿದವರಲ್ಲ. ಅದೇ ಲೆಕ್ಕವನ್ನು ಅವರು ಕಾರಿಗೂ ಹಾಕಿದರು. ಒಂದು ಲೀಟರಿನ ಹುಟ್ಟುವಳಿ ಇಪ್ಪತ್ತೂವರೆ. ಹಾಗೆಂದು ತಾವೇ ಬರೆದುಕೊಟ್ಟಿದ್ದೀರಿ.

ಕಾರು ಕೊಟ್ಟದ್ದು ಹನ್ನೊಂದೂವರೆ.

ಮೊದಮೊದಲು ಯಾರೂ ಏನೂ ಹೇಳಲಿಲ್ಲ. ಹೊಸ ಎಂಜಿನ್, ಪಳಗಬೇಕು ಎಂದು ನಾನೂ ಅಂದುಕೊಂಡೆ. ಮಾವನ ಮಗಳು ಯಕ್ಷಿತಾ ಕಾಲೇಜಿಗೆ ಹೋಗುವ ಹುಡುಗಿ, ಮುಂಬಯಿಯಲ್ಲೇ ಹುಟ್ಟಿದವಳು, ಅವಳ ಕನ್ನಡ ಎರಡು ಹೆಜ್ಜೆಗೊಮ್ಮೆ ಹಿಂದಿಯ ಕೈ ಹಿಡಿಯುತ್ತದೆ. ಒಂದು ಭಾನುವಾರ ಅಪ್ಪನ ಪಕ್ಕ ಕೂತು ಮೊಬೈಲಿನಲ್ಲಿ ಭಾಗಾಕಾರ ಮಾಡಿದವಳು ಅವಳೇ. "ಭಾವ, ಗಾಡಿ ಓಡಿದ್ದು ಇಷ್ಟು, ಪೆಟ್ರೋಲ್ ಇಷ್ಟು. ಆಧಾ ಪೆಟ್ರೋಲ್ ಎಲ್ಲಿ ಹೋಯ್ತು?" ಅವಳ ದನಿಯಲ್ಲಿ ಆರೋಪ ಇರಲಿಲ್ಲ, ಕುತೂಹಲ ಇತ್ತು. ನಾನು ನಗುತ್ತಾ "ಕುರ್ಲಾದ ಟ್ರಾಫಿಕ್ ಕುಡಿಯಿತು" ಎಂದೆ. ಅವಳು ಒಪ್ಪಲಿಲ್ಲ. "ಲೇಕಿನ್ ಇದು ಸರ್ಟಿಫೈಡ್ ಇದೆ ನಾ? ಗಲತ್ ಹೇಗೆ ಆಗ್ತದೆ?" ಮಾವ ತಲೆ ಎತ್ತಲಿಲ್ಲ. ಕಾಫಿ ಲೋಟದ ತಳ ನೋಡುತ್ತಾ ಕೂತಿದ್ದರು. ಹಾಲು ಕಮ್ಮಿ ಬಿದ್ದ ದಿನಗಳಲ್ಲಿ ಅವರು ಹಾಗೇ ಕೂರುತ್ತಿದ್ದರು, ಅದು ನನಗೆ ಆಗಲೇ ಹೊಳೆಯಬೇಕಿತ್ತು.

ನವರಾತ್ರಿ ಮುಗಿದ ವಾರ, ಮಧ್ಯಾಹ್ನ ಡಬ್ಬ ತುಂಬಿಸುವಾಗ ಹಣಮಂತ ಮುಂದಿನ ಸೀಟಿನಲ್ಲಿ ಬಂದು ಕೂತ. ಹಣಮಂತ ವಿಜಯಪುರದ ಕಡೆಯವನು, ನಮ್ಮ ಗಾಳೆಯಲ್ಲಿ ಹಿಟ್ಟು ಅರೆಯುವವನು, ಆನೆಯಂಥ ಆಳು. ಡಬ್ಬ ಇಳಿಸಲು ಸಹಾಯಕ್ಕೆ ಮಾವ ಕಳಿಸಿದ್ದಾರೆಂದ. ಸಂತೋಷವಾಯಿತು. ನಾಲ್ಕು ದಿನ ಹೀಗೇ ಬಂದ. ಐದನೆಯ ದಿನ ಸಾಂತಾಕ್ರೂಜ್‌–ಚೆಂಬೂರ್ ಲಿಂಕ್ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡು ಕೂತಿದ್ದಾಗ ಅವನೇ ಬಾಯಿ ಬಿಟ್ಟ.

"ಅಣ್ಣಾರ, ನಿಮ್ಗ ಸಿಟ್ಟ ಬರಬಾರ್ದು ನೋಡ್ರಿ."

"ಯಾಕೆ ಬರ್ತದೆ ಮಾರಾಯ? ಹೇಳು."

"ಸಾವ್ಕಾರ್ರು ನನಗ ಹೇಳಿ ಕಳಿಸ್ಯಾರ. ಧನರಾಜ ಎಲ್ಲೆಲ್ಲಿ ಗಾಡಿ ನಿಂದರಸ್ತಾನ, ಪೆಟ್ರೋಲ್ ಯಾರಿಗಿ ತಗದ್ ಕೊಡ್ತಾನ, ನೋಡ್ಕೊಂಡ್ ಬಾ ಅಂತ. ನಾ ನೋಡಾಕತ್ತೀನ್ರೀ. ನೀವು ಎಲ್ಲೂ ನಿಂದರಸೂದೇ ಇಲ್ಲ. ಈಗ ನಾ ಹೋಗಿ ಏನ್ ಹೇಳ್ಲಿ ಅವರಿಗಿ?"

ಹಿಂದಿನ ರಿಕ್ಷಾದವನು ಹಾರ್ನ್ ಹೊಡೆಯುತ್ತಲೇ ಇದ್ದ, ಮುಂದಿನ ಬಸ್ಸು ಸರಿದು ಆಗಿತ್ತು, ನನಗೆ ಗೇರ್ ಹಾಕಲು ಆಗಲಿಲ್ಲ. ಮಾನ್ಯರೇ, ಎದೆ ಒಡೆಯುವುದು ಎಂದು ಬರೆಯುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ನಾಚಿಕೆಯಾಯಿತು. ಕದ್ದವನಿಗೆ ಆಗಬೇಕಾದ ನಾಚಿಕೆ ಕದಿಯದವನಿಗೆ ಆಯಿತು. ಮಾವ ನನ್ನ ಕಣ್ಣಲ್ಲಿ ಕಣ್ಣಿಟ್ಟು ಬೈದಿದ್ದರೆ, ಒಂದು ಏಟು ಹಾಕಿದ್ದರೂ ಸಹಿಸಿಕೊಳ್ಳುತ್ತಿದ್ದೆ. ಅವರು ಕಾವಲಿಗೆ ಆಳು ಕೂರಿಸಿದರು. ಇನ್ನೊಂದು ತಮಾಷೆ ಕೇಳಿ. ಆ ಕಾವಲುಗಾರನ ಭಾರಕ್ಕೆ ಮೈಲೇಜು ಇನ್ನಷ್ಟು ಇಳಿಯಿತು. ಹಣಮಂತ ಕೂತ ವಾರ ನಾನು ಮೊದಲಿಗಿಂತ ಹೆಚ್ಚು ಕದ್ದ ಹಾಗಾಯಿತು.

ಆಡದ ಆರೋಪಕ್ಕೆ ಉತ್ತರ ಕೊಡುವುದು ಹೇಗೆ? ನಾನು ಅಳೆಯಲು ಹೊರಟೆ. ಒಂದೇ ಪಂಪಿನಲ್ಲಿ, ಒಂದೇ ನಳಿಕೆಯಿಂದ, ತಾನಾಗಿ ಕಟ್ ಆಗುವವರೆಗೆ ಟ್ಯಾಂಕು ತುಂಬಿಸಿದೆ. ಕಟ್ ಆದ ಮೇಲೆ ಪಂಪಿನವನು ಕುಲುಕಿ ಕುಲುಕಿ ಇನ್ನಷ್ಟು ಸುರಿಯಲು ಬಂದರೆ ಕೈ ಹಿಡಿದೆ. ದೂರದ ಮೀಟರನ್ನು ಸೊನ್ನೆಗೆ ತಂದು, ಎಂದಿನಂತೆ ಓಡಿಸಿ, ಮತ್ತೆ ಅದೇ ನಳಿಕೆಯ ಕೆಳಗೆ ತಂದು ನಿಲ್ಲಿಸಿದೆ. ಕಾರಿನ ಪರದೆ ಹದಿಮೂರು ಎಂದು ಹೊಗಳಿಕೊಳ್ಳುತ್ತಿತ್ತು, ಟ್ಯಾಂಕು ಹನ್ನೊಂದೂವರೆ ಎಂದಿತು. ಅದನ್ನೇ ಮಾವನಿಗೆ ಹೇಳಿದೆ. ಅವರು ಕೇಳಿದರು.

"ಅಳೆದದ್ದು ಯಾರು? ನೀನೇ ಅಲ್ವಾ?"

"ಹೌದು ಮಾವ."

"ಸರ್ಕಾರದವರಿಗೆ ಸುಳ್ಳು ಹೇಳಿ ಎಂತ ಲಾಭ ಉಂಟು ಮಾರಾಯ?"

ಇಲ್ಲಿ ಸ್ವಲ್ಪ ನಿಲ್ಲಬೇಕು, ಮಾನ್ಯರೇ. ಆ ಪ್ರಶ್ನೆಯನ್ನು ತಮ್ಮ ಮುಂದೆಯೇ ಇಡುತ್ತೇನೆ, ಉತ್ತರ ತಮ್ಮಲ್ಲಿ ಇದೆಯೇ? ಒಂದು ಕಡೆ ತಾವು, ಶಿಕ್ಷಣ, ಯಂತ್ರ, ಮುದ್ರೆ. ಇನ್ನೊಂದು ಕಡೆ ತಾನೇ ಸಾಕಿದ ಅಳಿಯ. ಮಾವ ತಮ್ಮನ್ನು ನಂಬಿದರು. ತಮ್ಮ ಮುಖವನ್ನೇ ನೋಡದ ಮನುಷ್ಯ, ತನ್ನ ಎದುರು ಬೆಳೆದ ನನಗಿಂತ ತಮ್ಮನ್ನು ಹೆಚ್ಚು ನಂಬಿದರು. ಇಷ್ಟು ದೊಡ್ಡ ನಂಬಿಕೆಗೆ ತಾವು ಎಷ್ಟು ಅರ್ಹರು ಎಂದು ತಿಳಿಯುವ ಹಕ್ಕು ನನಗಾದರೂ ಇಲ್ಲವೇ?

ಹಾಗಾಗಿ ತಿಳಿಯಲು ಹೋದೆ. ತಮ್ಮ ಪರೀಕ್ಷೆ ಹೇಗೆ ನಡೆಯುತ್ತದೆಂದು ಸಿಕ್ಕಿದ್ದನ್ನೆಲ್ಲ ಓದಿದೆ. ನನಗೆ ಅರ್ಥವಾದ ಮಟ್ಟಿಗೆ, ಕಾರನ್ನು ಒಂದು ಕೋಣೆಯೊಳಗೆ ನಿಲ್ಲಿಸುತ್ತೀರಿ. ಚಕ್ರಗಳನ್ನು ರೋಲರ್ ಮೇಲೆ ತಿರುಗಿಸುತ್ತೀರಿ. ಮೊದಲೇ ಬರೆದಿಟ್ಟ ವೇಗದ ಪಟ್ಟಿಯ ಪ್ರಕಾರ ನುರಿತ ಚಾಲಕ ನಯವಾಗಿ ಪೆಡಲ್ ಒತ್ತುತ್ತಾನೆ. ಎ.ಸಿ.ಯನ್ನು ಯಾರೂ ಮುಟ್ಟುವುದಿಲ್ಲ. ಇದೆಲ್ಲ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದಂತೆ, ಅಷ್ಟು ಹೊತ್ತಿಗೆ ನಮ್ಮ ಗಾಡಿ ಗಾಳೆಯ ಗಲ್ಲಿಯಿಂದ ಎಲ್.ಬಿ.ಎಸ್. ರಸ್ತೆಗೆ ಮೂಗು ಹಾಕಿರುತ್ತದೆ ಅಷ್ಟೆ. ಹೀಗೆ ನಿಂತಲ್ಲೇ ನಿಂತ ಕಾರು ಲೀಟರಿಗೆ ಇಪ್ಪತ್ತೂವರೆ ಕಿಲೋಮೀಟರ್ ಓಡಿತೆಂದು ಕಾಗದ ಹೊರಡುತ್ತದೆ. ಆ ಕೋಣೆಯೊಳಗೆ ಕುರ್ಲಾ ಇದೆಯೇ? ಮೆಟ್ರೋ ಕಾಮಗಾರಿಯ ತಗಡಿನ ಗೋಡೆ ಇದೆಯೇ? ಒಂದನೇ ಗೇರಿನಿಂದ ಎರಡಕ್ಕೆ ಹೋಗುವಷ್ಟರಲ್ಲಿ ಅಡ್ಡ ಬರುವ ಕೈಗಾಡಿ ಇದೆಯೇ? ಜುಲೈ ತಿಂಗಳಲ್ಲಿ ಮಿಲನ್ ಸಬ್‌ವೇ ತುಂಬಿ ದಾರಿ ಬದಲಿಸುವ ಬವಣೆ ಇದೆಯೇ? ಈಗ ನಾವು ತುಂಬಿಸುವ ಪೆಟ್ರೋಲಿನಲ್ಲಿ ಐದರಲ್ಲೊಂದು ಪಾಲು ಎಥನಾಲ್, ಅದರಿಂದ ಮೈಲೇಜು ಸ್ವಲ್ಪವಾದರೂ ಇಳಿಯುತ್ತದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಕಾರಿನ ಕಾಗದದ ಸಂಖ್ಯೆ ಯಾವ ಪೆಟ್ರೋಲಿನಲ್ಲಿ ಬಂದದ್ದು ಎಂದು ಎಲ್ಲಾದರೂ ಬರೆದಿದ್ದೀರಾ?

ಎಲ್ಲ ಕಾರುಗಳನ್ನೂ ಒಂದೇ ಕೋಲಿನಿಂದ ಅಳೆಯದಿದ್ದರೆ ಒಂದನ್ನು ಇನ್ನೊಂದರ ಜೊತೆ ಹೋಲಿಸಲಾಗದು ಎಂಬ ತಮ್ಮ ವಾದ ನನಗೆ ಗೊತ್ತು. ಅದು ನ್ಯಾಯವೇ. ಹಾಗಿದ್ದರೆ ಹಾಗೆಂದೇ ಬರೆಯಿರಿ. ಇದು ಕಾರಿನಿಂದ ಕಾರಿಗೆ ಹೋಲಿಸಲು ಇಟ್ಟ ಸಂಖ್ಯೆ, ಮಾವ ಅಳಿಯನನ್ನು ಅಳೆಯಲು ಅಲ್ಲ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಎಷ್ಟು ಶಾಯಿ ಖರ್ಚಾಗುತ್ತಿತ್ತು?

ದೀಪಾವಳಿ ಬಂತು. ಗಲ್ಲಾಕ್ಕೆ ಚೆಂಡುಹೂವಿನ ಮಾಲೆ ಹಾಕಿದ್ದು ನಾನೇ. ಹೋಟೆಲಿನವರೆಲ್ಲ ಸಾಲಾಗಿ ನಿಂತಿದ್ದರು, ಪಕ್ಕದ ಅಂಗಡಿಯವರೂ ಬಂದಿದ್ದರು. ಆರತಿ ಆದ ಮೇಲೆ ಮಾವ ಕೀಲಿಕೈ ಎತ್ತಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ದೇವರನ್ನು ನೋಡಿದರು. ಆಮೇಲೆ ಅದನ್ನು ಮನೀಶನ ಕೈಗೆ ಕೊಟ್ಟರು. ಮನೀಶ ಮಾವನ ಹೆಂಡತಿಯ ಅಣ್ಣನ ಮಗ, ಹೋಟೆಲಿಗೆ ಬಂದು ಎರಡು ಮಳೆಗಾಲ ಕಳೆದಿಲ್ಲ, ಒಳ್ಳೆಯ ಹುಡುಗ. ಅವನು ಕೀಲಿಕೈ ನೋಡಿದ, ನನ್ನನ್ನು ನೋಡಿದ, ಕೈ ಚಾಚಲೋ ಬೇಡವೋ ಎಂದು ನಿಂತ. ನಾನೇ "ತಗೋ ಮಾರಾಯ, ಮುಹೂರ್ತ ಮೀರ್ತದೆ" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪೇಡೆ ಹಂಚುವ ಕೆಲಸ ನನಗೆ ಬಂತು, ಯಾರೊಬ್ಬರೂ ತಟ್ಟೆಯಿಂದ ತಲೆ ಎತ್ತಿ ನನ್ನ ಮುಖ ನೋಡಲಿಲ್ಲ. ಏಕೆ ನೋಡಲಿಲ್ಲ ಎಂದರೆ, ಪೆಟ್ರೋಲಿನ ವಿಷಯ ಎಲ್ಲರಿಗೂ ಗೊತ್ತಿತ್ತು.

ಅಂದಿನಿಂದ ನನಗೆ ಒಂದು ಹುಚ್ಚು ಹಿಡಿಯಿತು. ತಮ್ಮ ಇಪ್ಪತ್ತೂವರೆಯನ್ನು ಹೇಗಾದರೂ ತಂದೇ ತೀರುತ್ತೇನೆ ಎಂಬ ಹುಚ್ಚು. ಟೈರಿಗೆ ಬರೆದಷ್ಟೇ ಗಾಳಿ ತುಂಬಿಸಿ, ವಾರವಾರ ನೋಡಿದೆ. ತೆಂಗಿನಕಾಯಿ ಮೂಟೆ ಹೇರುವ ಚಾವಣಿಯ ಕ್ಯಾರಿಯರ್ ಬಿಚ್ಚಿಸಿದೆ. ಸಿಗ್ನಲ್ಲಿನಲ್ಲಿ ಎಂಜಿನ್ ಆರಿಸಿದೆ. ಮುಂದಿನ ಗಾಡಿಯ ಬಾಲಕ್ಕೆ ಅಂಟದೆ ದೂರ ಬಿಟ್ಟು, ಬ್ರೇಕು ಒತ್ತುವ ಮೊದಲೇ ಕಾಲು ತೆಗೆದು, ಆಕ್ಸಿಲರೇಟರಿಗೆ ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಕಾಲಿಟ್ಟೆ. ಹಿಂದಿನಿಂದ ಬಂದ ಬೈಗುಳಗಳನ್ನು ಮರಾಠಿ, ಹಿಂದಿ, ಗುಜರಾತಿ ಮೂರರಲ್ಲೂ ಕೇಳಿಸಿಕೊಂಡೆ. ನಿಜ ಹೇಳಬೇಕೆಂದರೆ ಇದರಿಂದ ಉಪಯೋಗವಾಯಿತು. ಹನ್ನೊಂದೂವರೆ ಹದಿಮೂರಾಯಿತು. ಪತ್ರಿಕೆಯಲ್ಲಿ ಈ ಪತ್ರ ಓದುತ್ತಿರುವವರು ಯಾರಾದರೂ ಇದ್ದರೆ ಧಾರಾಳವಾಗಿ ಮಾಡಿ ನೋಡಿ. ಆದರೆ ಹದಿಮೂರರ ಮೇಲೆ ಕಾರು ಜಪ್ಪಯ್ಯ ಎಂದರೂ ಏರಲಿಲ್ಲ. ಉಳಿದಿದ್ದು ಒಂದೇ, ಎ.ಸಿ.

ನಮ್ಮ ಕಾರಿನ ಎ.ಸಿ. ನನಗಾಗಿ ಅಲ್ಲ ಮಾನ್ಯರೇ, ಹಿಟ್ಟಿಗಾಗಿ. ಮುಂಬಯಿಯ ಸೆಕೆಗೆ ಹಿಟ್ಟು ಹೇಗೆ ಹುದುಗುತ್ತದೆಂದು ತಮ್ಮ ಮನೆಯಲ್ಲಿ ದೋಸೆ ಮಾಡುವವರನ್ನು ಕೇಳಿ. ಅದಕ್ಕೇ ಡಬ್ಬಗಳ ಕಡೆಗೆ ಗಾಳಿ ತಿರುಗಿಸಿ ಪೂರ್ತಿ ಹಾಕಿರುತ್ತೇವೆ. ತಮ್ಮ ಕೋಣೆಯಲ್ಲಿ ಎ.ಸಿ. ಇಲ್ಲದೆ ಪರೀಕ್ಷೆ ನಡೆಯುವುದಾದರೆ ನನ್ನ ಕಾರಿನಲ್ಲೂ ಬೇಡ ಎಂದು ಒಂದು ಮಧ್ಯಾಹ್ನ ಆರಿಸಿಬಿಟ್ಟೆ. ಕುರ್ಲಾದಲ್ಲಿ ಯಾವುದೋ ಟ್ಯಾಂಕರ್ ಕೆಟ್ಟು ನಿಂತಿತ್ತು. ವಾಕೋಲಾ ದಾಟುವಾಗ ಹಿಂದಿನಿಂದ 'ಟಪ್' ಎಂದು ಸದ್ದಾಯಿತು. ಡಬ್ಬದ ಮುಚ್ಚಳ ಹಾರಿ, ಹಿಟ್ಟು ಉಕ್ಕಿ ಹೊಸ ಸೀಟಿನ ಮೇಲಿಂದ ಇಳಿಯುತ್ತಿತ್ತು. ಆ ದಿನ ಮೈಲೇಜು ಹದಿನಾಲ್ಕು ದಾಟಿತ್ತು. ದೋಸೆ ಹುಳಿ ಎಂದು ಗಿರಾಕಿಗಳು ತಟ್ಟೆ ವಾಪಸು ಮಾಡಿದರು.

ಮಾವನಿಗೆ ಸಿಟ್ಟು ನೆತ್ತಿಗೇರಿತ್ತು. "ಎ.ಸಿ. ಆಫ್ ಮಾಡಿದ್ದು ಯಾಕೆ? ಹಿಟ್ಟು ಹಾಳಾಗ್ತದೆ ಹೇಳುದು ನಿನಗೆ ನಾನು ಹೇಳಿಕೊಡಬೇಕಾ?"

"ನಿಮ್ಮ ಇಪ್ಪತ್ತೂವರೆ ತರ್ಲಿಕ್ಕೆ ಮಾಡಿದ್ದು ಮಾವ," ಎಂದೆ. "ಹಣಮಂತ ಯಾಕೆ ನನ್ನ ಜೊತೆ ಬರ್ತಿದ್ದ ಹೇಳಿ ನನಗೆ ಗೊತ್ತುಂಟು."

ಮಾವನ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಕೊನೆಗೆ ಕೈ ಚಾಚಿ, "ಕೊಡು ಚಾವಿ. ನಾನೇ ಓಡಿಸ್ತೇನೆ" ಎಂದರು.

ಓಡಿಸಿದರು. ಟ್ಯಾಂಕು ತುಂಬಿಸುವಾಗ ಯಕ್ಷಿತಾ ಪಕ್ಕದಲ್ಲಿ ನಿಂತು ನೋಡಿದಳು, ನನ್ನನ್ನು ಕಾರಿನ ಹತ್ತಿರ ಬಿಡಲಿಲ್ಲ. ಆ ಮೊಣಕಾಲನ್ನು ಇಟ್ಟುಕೊಂಡು ಮಾವ ಒಂದು ವಾರ ತಾವೇ ಹಿಟ್ಟು ಸಾಗಿಸಿದರು, ಎ.ಸಿ. ಹಾಕಿಕೊಂಡು, ಹಳೆಯ ಕಾಲದವರ ಹಾಗೆ ಕ್ಲಚ್ಚಿನ ಮೇಲೆ ಅರ್ಧ ಕಾಲು ಊರಿಕೊಂಡು. ಮತ್ತೆ ಅದೇ ನಳಿಕೆಯ ಕೆಳಗೆ ಕಾರು ಬಂದು ನಿಂತ ದಿನ ನನ್ನನ್ನೂ ಕರೆದರು. ಯಕ್ಷಿತಾ ಮೊಬೈಲಿನಲ್ಲಿ ಭಾಗಿಸಿದಳು, ಇನ್ನೊಮ್ಮೆ ಭಾಗಿಸಿದಳು, ಆಮೇಲೆ ನಗು ತಡೆಯಲಾರದೆ ಹೇಳಿದಳು: "ಪಪ್ಪಾ, ದಸ್ ಬಂತು! ಭಾವನಿಗಿಂತ ಕಮ್ಮಿ. ಮತ್ಲಬ್ ನೀವು ಭಾವನಿಗಿಂತ ಜಾಸ್ತಿ ಚೋರಿ ಮಾಡಿದ್ರಿ!"

ಅವಳೊಬ್ಬಳೇ ನಕ್ಕದ್ದು. ಮಾವ ಸ್ಟಿಯರಿಂಗ್ ಹಿಡಿದು ಮುಂದಿನ ಗಾಜನ್ನೇ ನೋಡುತ್ತಿದ್ದರು.

ಆದರೂ ಅವರು ತಮ್ಮ ಮುದ್ರೆಯನ್ನು ಬಿಟ್ಟುಕೊಡಲಿಲ್ಲ, ಗಮನಿಸಿ. ಮೊದಲು ಅಳಿಯ ಕೆಟ್ಟವನು ಎಂದರು. ಈಗ ಕಾರು ಕೆಟ್ಟದ್ದು ಎಂದರು. ಸಂಖ್ಯೆ ಕೆಟ್ಟದ್ದಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಮಾರನೆಯ ದಿನ ಸರ್ವೀಸ್ ಸೆಂಟರಿಗೆ ಹೋದೆವು. ಅಲ್ಲಿನ ಮೇಲ್ವಿಚಾರಕ ಕಾರಿಗೆ ಯಂತ್ರ ಜೋಡಿಸಿ ನೋಡಿ, ಏನೂ ದೋಷವಿಲ್ಲ, ಊರೊಳಗೆ ಎಲ್ಲರದ್ದೂ ಇಷ್ಟೇ ಎಂದ. "ಸಿಟಿ ಮೇಂ ಇತನಾ ಹೀ ಆತಾ ಹೈ, ಅಂಕಲ್. ಸಬ್ ಕಾ."

"ಫಿರ್ ವೋ ಬೀಸ್ ಕಾಯ್ಕೋ ಲಿಖಾ ಹೈ?" ಮಾವ ಕೇಳಿದರು, ಮತ್ತೆ ಇಪ್ಪತ್ತು ಎಂದು ಬರೆದದ್ದೇಕೆ ಎಂದು.

ಅವನು ನಕ್ಕ. ಪಕ್ಕದಲ್ಲಿ ಕಾರು ಬಿಡಲು ಬಂದಿದ್ದವರೂ ನಕ್ಕರು. ಚಿಕ್ಕ ಮಗು ಏನೋ ಕೇಳಿದಾಗ ದೊಡ್ಡವರು ನಗುತ್ತಾರಲ್ಲ, ಹಾಗೆ. ಆಗ ನನಗೆ ತಿಳಿಯಿತು, ಇದು ಎಲ್ಲರಿಗೂ ಗೊತ್ತಿತ್ತು. ಶೋರೂಮಿನ ಹುಡುಗಿಗೆ ಗೊತ್ತಿತ್ತು, ಪಂಪಿನವನಿಗೆ ಗೊತ್ತಿತ್ತು, ಸರ್ವೀಸಿನವನಿಗೆ ಗೊತ್ತಿತ್ತು, ತಮಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಊರಿಗೆಲ್ಲ ತಿಳಿದ ತಮಾಷೆಯನ್ನು ನಿಜವೆಂದು ನಂಬಿ, ಅದರ ಮೇಲೆ ಒಬ್ಬ ಮನುಷ್ಯನನ್ನು ಅಳೆದದ್ದು ನಮ್ಮ ಮನೆ ಒಂದೇ. ಸರ್ಕಾರದ ಮುದ್ರೆ ಎಂದರೆ ಕಣ್ಣಿಗೊತ್ತಿಕೊಳ್ಳುವ ಪೆದ್ದು ಜನ ನಾವು ಇನ್ನೂ ಇದ್ದೇವೆ ಎಂದು ತಮಗೆ ಯಾರೂ ಹೇಳಿರಲಿಲ್ಲವೇ?

ವಾಪಸು ಬರುವಾಗ ನಾನು ಓಡಿಸುತ್ತಿದ್ದೆ. ಛೇಡಾನಗರದ ಸಿಗ್ನಲ್ಲಿನಲ್ಲಿ ಮಾವ ಮಾತಾಡಿದರು.

"ಕೀಲಿಕೈ ಕೊಟ್ಟಾಯ್ತಲ್ಲ ಧನು."

ಸಿಗ್ನಲ್ ಬಿಟ್ಟಿತು, ನಾನು ಗೇರ್ ಹಾಕಿದೆ.

"ಆ ಹುಡುಗನ ತಪ್ಪು ಎಂತ ಉಂಟು? ಈಗ ವಾಪಸು ಕೇಳಿದ್ರೆ ಅವನನ್ನು ಕಳ್ಳ ಹೇಳಿದ ಹಾಗೆ ಆಗುದಿಲ್ವಾ?"

ಮಾತು ನಿಜ. ಲಕ್ಷ್ಮಿಯ ಮುಂದೆ ಕೊಟ್ಟದ್ದನ್ನು ಕಾರಣ ಹೇಳದೆ ಕಿತ್ತುಕೊಳ್ಳಲಾಗದು. ಕಾರಣ ಹೇಳಬೇಕೆಂದರೆ ಮಾವ ಎಲ್ಲರ ಎದುರು ನಿಂತು, 'ನಾನು ನನ್ನ ಅಕ್ಕನ ಮಗನನ್ನು ಕಳ್ಳನೆಂದುಕೊಂಡಿದ್ದೆ' ಎನ್ನಬೇಕು. ಅಷ್ಟು ವಯಸ್ಸಾದವರಿಂದ ಅದನ್ನು ಹೇಳಿಸುವ ಮನಸ್ಸು ನನಗೂ ಇಲ್ಲ. ಮನೀಶ ಗಲ್ಲಾದಲ್ಲಿ ಕೂರುತ್ತಾನೆ, ನಾನು ಎದುರಿನಿಂದ ಹಾದುಹೋದಾಗ ಎದ್ದು ನಿಲ್ಲುತ್ತಾನೆ. ಆ ಎದ್ದು ನಿಲ್ಲುವುದು ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚುತ್ತದೆ.

ತಮ್ಮ ಕಚೇರಿಗೆ ನಾನು ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ. ಎರಡು ಸಲವೂ ಯಾವುದೋ ಯಂತ್ರ ನನಗೆ ಧನ್ಯವಾದ ಹೇಳಿತು. ವಾಸ್ತವದಲ್ಲಿ ಮೈಲೇಜು ರಸ್ತೆ, ಹವಾಮಾನ ಹಾಗೂ ಚಾಲಕನ ಅಭ್ಯಾಸಗಳಿಗೆ ಅನುಗುಣವಾಗಿ ಬದಲಾಗಬಹುದು ಎಂದೂ ತಿಳಿಸಿತು. ಚಾಲಕನ ಅಭ್ಯಾಸ! ನೋಡಿ, ಕೊನೆಗೆ ಯಂತ್ರವೂ ನನ್ನ ಕಡೆಗೇ ಬೆರಳು ತೋರಿಸಿತು.

ಆದ್ದರಿಂದ ಈಗ ಕೇಳುವುದನ್ನು ನೇರವಾಗಿ ಕೇಳುತ್ತೇನೆ. ತಮ್ಮ ಇಪ್ಪತ್ತೂವರೆಯ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ಇನ್ನೊಂದು ಸಂಖ್ಯೆ ಅಚ್ಚು ಹಾಕಿಸಿ. ನಿಜವಾದ ಊರಿನ ನಿಜವಾದ ರಸ್ತೆಯಲ್ಲಿ, ಎ.ಸಿ. ಹಾಕಿ, ಆಳು ಕೂರಿಸಿ, ಸಾಮಾನು ಹೇರಿ ಓಡಿಸಿದಾಗ ಬಂದ ಸಂಖ್ಯೆ. ಎಲ್ಲಿ ಓಡಿಸುವುದೆಂದು ಗೊತ್ತಾಗದಿದ್ದರೆ ನಮ್ಮ ಗಾಳೆಗೆ ಬನ್ನಿ. ಮಧ್ಯಾಹ್ನದ ಹಿಟ್ಟಿನ ಜೊತೆ ಮುಂದಿನ ಸೀಟಿನಲ್ಲಿ ಕೂತುಕೊಳ್ಳಿ. ಆ ಸೀಟು ಈಗ ಖಾಲಿ ಇದೆ, ಹಣಮಂತನನ್ನು ಮಾವ ಮತ್ತೆ ಗ್ರೈಂಡರಿಗೆ ಕಳಿಸಿದ್ದಾರೆ. ಸಾಂತಾಕ್ರೂಜ್ ಮುಟ್ಟುವವರೆಗೆ ನಾನು ತಮ್ಮ ಮೇಲೆ ಯಾವ ಸಂಶಯವನ್ನೂ ಪಡುವುದಿಲ್ಲ, ಮಾತು ಕೊಡುತ್ತೇನೆ.

ಎರಡನೆಯ ಬೇಡಿಕೆ ಸಣ್ಣದು. ಈ ಪತ್ರವನ್ನು ಕನ್ನಡದಲ್ಲಿ ಬರೆದದ್ದು ಏಕೆಂದು ತಮಗೆ ಅನ್ನಿಸಿರಬಹುದು. ತಾವು ಓದುತ್ತೀರೆಂಬ ಭರವಸೆ ನನಗಿಲ್ಲ. ಈ ಪತ್ರಿಕೆ ಪ್ರತಿದಿನ ನಮ್ಮ ಹೋಟೆಲಿಗೆ ಬರುತ್ತದೆ, ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಕೂತು ಮಾವ ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಅವರಿಗೆ ಅಚ್ಚಾದ ಅಕ್ಷರದ ಮೇಲೆ ಈಗಲೂ ನಂಬಿಕೆ. ನಾನು ಬಾಯಲ್ಲಿ ಹೇಳಿದ್ದು ಅಳೆದವನೇ ಹೇಳಿದ್ದಾಯಿತು, ಮಗಳು ಹೇಳಿದ್ದು ತಮಾಷೆಯಾಯಿತು, ಸರ್ವೀಸಿನವನು ಹೇಳಿದ್ದು ನಗೆಯಾಯಿತು. ಅದಕ್ಕೇ ತಾವು ಒಂದು ಸಾಲು ಬರೆದು ಇದೇ ಪತ್ರಿಕೆಗೆ ಕಳಿಸಿ. ಕ್ಷಮೆ ಬೇಡ, ಪರಿಹಾರ ಬೇಡ. 'ಘಾಟ್ಕೋಪರಿನಿಂದ ಸಾಂತಾಕ್ರೂಜಿಗೆ ಹೋಗುವ ಕಾರು ಇಪ್ಪತ್ತೂವರೆ ಕೊಡುವುದಿಲ್ಲ, ಅದನ್ನು ಓಡಿಸುವವನು ಕದ್ದಿಲ್ಲ' ಎಂದಿಷ್ಟೇ ಸಾಕು. ತಮ್ಮ ಮುದ್ರೆ ಮಾತ್ರ ಮರೆಯಬೇಡಿ.

ಈಗ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಆದರೂ ಪೆಟ್ರೋಲ್ ಹಾಕಿಸಿ ಬಂದ ದಿನ ನಾನಾಗಿಯೇ ಪಂಪಿನ ಚೀಟಿಯನ್ನು ಮಾವನ ಮುಂದೆ ಇಡುತ್ತೇನೆ. ಅಭ್ಯಾಸವಾಗಿಬಿಟ್ಟಿದೆ. ಅವರು ಅದನ್ನು ನೋಡುವುದಿಲ್ಲ. ಕನ್ನಡಕ ತೆಗೆದು ಒರೆಸುತ್ತಾ ಕೂರುತ್ತಾರೆ, ನಾನು ಹೊರಗೆ ಹೋಗುವವರೆಗೂ ಒರೆಸುತ್ತಲೇ ಇರುತ್ತಾರೆ.

ಇಂತಿ,
ತಮ್ಮ ಕೋಣೆಯ ಲೆಕ್ಕದಲ್ಲಿ ಅರ್ಧ ಕಳ್ಳ,
ಮುಂಬಯಿಯ ರಸ್ತೆಯ ಲೆಕ್ಕದಲ್ಲಿ ಮೋನಪ್ಪನವರ ಅಳಿಯ,
ಧನರಾಜ್
ಘಾಟ್ಕೋಪರ್